ಕೇಬಲ್ ಟಿವಿ: ಮೂರು ಮನೆಗಳ ಲೆಕ್ಕ

2019ರ ಫೆಬ್ರವರಿಯಲ್ಲಿ ನಮ್ಮ ಕುಟುಂಬದ ಮೂರು ಮನೆಗಳಲ್ಲೂ ಒಂದೇ ಚರ್ಚೆ ನಡೆಯಿತು. ಕೇಬಲ್ ಟಿವಿ ಸಂಪರ್ಕವನ್ನು ಇಟ್ಟುಕೊಳ್ಳುವುದೇ, ಬಿಡುವುದೇ? ನಮ್ಮ ಮೂಲಮನೆ ಬೆಳ್ತಂಗಡಿ ತಾಲ್ಲೂಕಿನ ಒಂದು ಬೈಲಿನಲ್ಲಿದೆ. ಅಲ್ಲಿ ತಾಯಿ ಮತ್ತು ಅಣ್ಣನ ಸಂಸಾರ. ತಂಗಿಯ ಮನೆ ಬಂಟ್ವಾಳ ಪೇಟೆಯಲ್ಲಿ, ರಸ್ತೆಗೆ ತಾಗಿಕೊಂಡೇ ಇದೆ. ನಾನು ಅಧ್ಯಾಪನದ ಕೆಲಸಕ್ಕಾಗಿ ಮೂಡುಬಿದಿರೆಯಲ್ಲಿ ನೆಲೆಸಿದವನು. ಆ ತಿಂಗಳು ಹೊಸ ದರಪಟ್ಟಿ ಜಾರಿಗೆ ಬಂದು, ಮೂಲಮನೆಯ ತಿಂಗಳ ಬಿಲ್ಲು 220 ರೂಪಾಯಿಯಿಂದ 320ಕ್ಕೆ ಏರಿತ್ತು. ಉಳಿದೆರಡು ಮನೆಗಳದೂ ಹೆಚ್ಚು ಕಡಿಮೆ ಇದೇ ಕಥೆ.

ಒಂದೇ ಕುಟುಂಬ, ಒಂದೇ ದರ. ಆದರೂ ಮೂರು ಮನೆಗಳು ಮೂರು ಬೇರೆ ಬೇರೆ ತೀರ್ಮಾನಕ್ಕೆ ಬಂದವು. ಕಾರಣವೇನು? ಮನೆಯವರ ಅಭಿರುಚಿ ಒಂದು ಕಾರಣ ನಿಜ. ಆದರೆ ಮನೆ ನಿಂತಿರುವ ಜಾಗ ಅದಕ್ಕಿಂತ ದೊಡ್ಡ ಕಾರಣವೆಂದು ಆಮೇಲೆ ಲೆಕ್ಕ ಹಾಕಿದಾಗ ತಿಳಿಯಿತು. ಸಂಕೇತವನ್ನು ಪ್ರೇಷಕದಿಂದ ನಮ್ಮ ಮನೆಯವರೆಗೆ ಸಾಗಿಸುವ ವೆಚ್ಚವನ್ನು ಯಾರು ಹೊರಬೇಕು ಎಂಬುದೇ ನಮ್ಮ ನಾಡಿನ ಟೆಲಿವಿಷನ್ ಇತಿಹಾಸದ ಉದ್ದಕ್ಕೂ ಇರುವ ಪ್ರಶ್ನೆ. ಆ ಇತಿಹಾಸವನ್ನು ಈ ಮೂರು ಮನೆಗಳ ಮೂಲಕ ನೋಡೋಣ.

ಅಡಿಕೆ ಮರದಲ್ಲಿ ಆಂಟೆನ

ಕನ್ನಡ ನಾಡಿಗೆ ಟೆಲಿವಿಷನ್ ಮೊದಲು ಬಂದದ್ದು ಬೆಂಗಳೂರಿಗಲ್ಲ, ಉತ್ತರ ಕರ್ನಾಟಕದ ಹಳ್ಳಿಗಳಿಗೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ 'ಸೈಟ್' ಪ್ರಯೋಗದಲ್ಲಿ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಅಮೆರಿಕದ ಎಟಿಎಸ್-6 ಉಪಗ್ರಹದಿಂದ ನೇರವಾಗಿ ಕಾರ್ಯಕ್ರಮ ಪಡೆದವು. ಆಗಿನ ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ತಂತಿ ಬಲೆಯಿಂದ ಮಾಡಿದ ಸುಮಾರು 3 ಮೀಟರ್ ಅಗಲದ ಆಂಟೆನ, ಊರಿಗೊಂದು ಸಮುದಾಯ ಟಿವಿ. ನೋಡುವವರು ಹಣ ಕೊಡಬೇಕಾಗಿರಲಿಲ್ಲ.

1981ರ ನವೆಂಬರ್ 1ರಂದು ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾಯಿತು. 1983ರ ಆಗಸ್ಟ್‌ನಲ್ಲಿ ಇನ್ಸಾಟ್-1ಬಿ ಕಕ್ಷೆ ಸೇರಿದ ಮೇಲೆ ದೂರದ ಪಟ್ಟಣಗಳಿಗೂ ಕಾರ್ಯಕ್ರಮ ತಲುಪಿಸುವುದು ಸುಲಭವಾಯಿತು. ಉಪಗ್ರಹದಿಂದ ಪಡೆದುದನ್ನು ಸುತ್ತಲಿನ ಊರುಗಳಿಗೆ ಮರುಪ್ರಸಾರ ಮಾಡುವ ಸಣ್ಣ ಪ್ರೇಷಕಗಳು 1984ರಲ್ಲಿ ದಿನಕ್ಕೊಂದರಂತೆ ಏಳತೊಡಗಿದವು. ಇವುಗಳಲ್ಲಿ ಹಲವು ಕೇವಲ 100 ವ್ಯಾಟ್ ಸಾಮರ್ಥ್ಯದವು.

ನಮ್ಮ ಮೂರು ಊರುಗಳಿಗೂ ಆಗ ಮಂಗಳೂರಿನ ಪ್ರೇಷಕವೇ ಗತಿ. ನೇರ ಗೆರೆ ಎಳೆದರೆ ಮಂಗಳೂರಿನಿಂದ ಬಂಟ್ವಾಳ ಸುಮಾರು 20 ಕಿಲೋಮೀಟರ್, ಮೂಡುಬಿದಿರೆ ಸುಮಾರು 27, ಬೆಳ್ತಂಗಡಿ ಸುಮಾರು 47. ಅಲೆಗಳ ತೀವ್ರತೆ ದೂರದ ವರ್ಗಕ್ಕೆ ವಿಲೋಮ ಅನುಪಾತದಲ್ಲಿ ಇಳಿಯುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಬಲ್ಲರು. ನಡುವೆ ಯಾವ ಅಡ್ಡಿಯೂ ಇಲ್ಲದಿದ್ದರೂ ಬೆಳ್ತಂಗಡಿಗೆ ದೊರೆಯುವುದು ಬಂಟ್ವಾಳಕ್ಕೆ ದೊರೆಯುವುದರ ಐದನೆಯ ಒಂದು ಪಾಲಿಗಿಂತ ಕಡಿಮೆ.

ಆದರೆ ಅಡ್ಡಿ ಇತ್ತು. ಪ್ರೇಷಕದ ಗೋಪುರ 100 ಮೀಟರ್, ಮನೆಯ ಆಂಟೆನ 10 ಮೀಟರ್ ಎತ್ತರದಲ್ಲಿದೆ ಎಂದುಕೊಳ್ಳಿ. ಸಮತಟ್ಟಾದ ನೆಲದ ಮೇಲೆ ಅಂಥ ಸಂಕೇತ ಸುಮಾರು 54 ಕಿಲೋಮೀಟರ್ ದೂರದ ಕ್ಷಿತಿಜದವರೆಗೆ ಹೋಗಬಲ್ಲದು. ದಕ್ಷಿಣ ಕನ್ನಡದಲ್ಲಿ ಸಮತಟ್ಟಾದ ನೆಲ ಎಲ್ಲಿದೆ? ಮುರಕಲ್ಲಿನ ಗುಡ್ಡ, ಅದರಾಚೆ ಬೈಲು, ಮತ್ತೆ ಗುಡ್ಡ. ಟಿವಿ ಸಂಕೇತದ ತರಂಗದೂರ ಸುಮಾರು ಒಂದೂವರೆ ಮೀಟರ್. ಅದಕ್ಕೆ ಹೋಲಿಸಿದರೆ ಗುಡ್ಡ ಬಹಳ ದೊಡ್ಡದು, ಆದ್ದರಿಂದ ಅದರ ಹಿಂದೆ ಸಂಕೇತದ ನೆರಳು ಬೀಳುತ್ತದೆ. ಮೂಡುಬಿದಿರೆಯಲ್ಲಿ ಪದವಿನ ಮೇಲಿದ್ದ ಮನೆಗಳಿಗೆ ಚಿತ್ರ ಸ್ಪಷ್ಟವಾಗಿ ಬರುತ್ತಿತ್ತು. ನಮ್ಮ ಬೈಲಿಗೆ ಬರುತ್ತಿದ್ದುದು ಕಪ್ಪುಬಿಳುಪು ಚುಕ್ಕೆಗಳ ಗದ್ದಲ ಮಾತ್ರ.

ಪರಿಹಾರವೆಂದರೆ ಎತ್ತರ. 1926ರಲ್ಲಿ ಜಪಾನಿನ ಶಿಂತಾರೊ ಉದಾ ಮತ್ತು ಹಿದೆತ್ಸುಗು ಯಾಗಿ ಪ್ರಕಟಿಸಿದ, ಏಣಿಯಂತೆ ಕಾಣುವ ಆಂಟೆನವನ್ನು ಅಣ್ಣ ಉದ್ದದ ಪೈಪಿಗೆ ಕಟ್ಟಿ, ಪೈಪನ್ನು ತೋಟದ ಎತ್ತರದ ಅಡಿಕೆ ಮರಕ್ಕೆ ಬಿಗಿದಿದ್ದ. ಗಾಳಿ ಬೀಸಿದಾಗ ಮರ ತೂಗುತ್ತಿತ್ತು, ಅದರೊಂದಿಗೆ ಚಿತ್ರವೂ ಬಂದು ಹೋಗುತ್ತಿತ್ತು. 1987ರ ಜನವರಿಯಲ್ಲಿ 'ರಾಮಾಯಣ' ಧಾರಾವಾಹಿ ಆರಂಭವಾದಾಗ ಭಾನುವಾರ ಬೆಳಿಗ್ಗೆ ಒಬ್ಬ ಹುಡುಗ ಮರದ ಬುಡದಲ್ಲಿ ನಿಂತು ಪೈಪು ತಿರುಗಿಸಬೇಕಿತ್ತು. ಆ ಹುಡುಗ ನಾನೇ. 'ಬಂತು, ಬಂತು, ಹೋಯಿತು' ಎಂಬ ಕೂಗು ಜಗಲಿಯಿಂದ ಕೇಳುತ್ತಿತ್ತು.

ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಪ್ರಸಾರದ ಅಲೆಯನ್ನು ಒಂದು ಮನೆ ಹಿಡಿದರೂ ಸಾವಿರ ಮನೆ ಹಿಡಿದರೂ ಪ್ರೇಷಕಕ್ಕೆ ಆಗುವ ಖರ್ಚು ಒಂದೇ. ಟಿವಿಗಿದ್ದ ಲೈಸೆನ್ಸ್ ಶುಲ್ಕವೂ 1980ರ ದಶಕದ ನಡುವೆ ರದ್ದಾಗಿತ್ತು. ಆಂಟೆನದ ಖರ್ಚು ಒಮ್ಮೆ ಕಳೆದರೆ ಮುಗಿಯಿತು. ಆದರೆ ಗುಡ್ಡದ ಹಿಂದಿನವರಿಗೆ ಆ ಉಚಿತ ಸಂಕೇತ ಹೆಸರಿಗೆ ಮಾತ್ರ ಉಚಿತವಾಗಿತ್ತು.

ಗುಡ್ಡದಿಂದಲೇ ಹುಟ್ಟಿದ ಕೇಬಲ್

ಕೇಬಲ್ ಟಿವಿ ಹುಟ್ಟಿದ್ದು ಇಂಥದೇ ಸಂಕಟದಿಂದ. ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ಮಹನೋಯ್ ಸಿಟಿ ಎಂಬ ಗಣಿ ಪಟ್ಟಣ ಬೆಟ್ಟಗಳ ನಡುವಿನ ಕಣಿವೆಯಲ್ಲಿದೆ. ಅಲ್ಲಿ ಟಿವಿ ಮಾರುತ್ತಿದ್ದ ಜಾನ್ ವಾಲ್ಸನ್ ಎಂಬ ವ್ಯಾಪಾರಿಗೆ ಗಿರಾಕಿಗಳೇ ಇರಲಿಲ್ಲ, ಏಕೆಂದರೆ ಫಿಲಡೆಲ್ಫಿಯದ ಸಂಕೇತ ಕಣಿವೆಗೆ ಇಳಿಯುತ್ತಿರಲಿಲ್ಲ. 1948ರಲ್ಲಿ ಆತ ಬೆಟ್ಟದ ನೆತ್ತಿಯಲ್ಲಿ ಆಂಟೆನ ನಿಲ್ಲಿಸಿ, ಅಲ್ಲಿಂದ ಅಂಗಡಿಯವರೆಗೆ ತಂತಿ ಎಳೆದು, ದಾರಿಯಲ್ಲಿದ್ದ ಮನೆಗಳಿಗೂ ಸಂಪರ್ಕ ಕೊಟ್ಟನೆಂದು ಹೇಳಲಾಗಿದೆ. ಬಾಡಿಗೆ ತಿಂಗಳಿಗೆ 2 ಡಾಲರ್. ಅದೇ ಹೊತ್ತಿಗೆ ಆರೆಗಾನ್ ರಾಜ್ಯದ ಆಸ್ಟೋರಿಯದಲ್ಲಿ ಎಡ್ ಪಾರ್ಸನ್ಸ್ ಕೂಡ ಇಂಥದೇ ವ್ಯವಸ್ಥೆ ಮಾಡಿದ.

ಪ್ರತಿ ಮನೆಯೂ ಬೆಟ್ಟದ ಮೇಲೆ ಆಂಟೆನ ನಿಲ್ಲಿಸುವ ಬದಲು ಊರಿಗೆಲ್ಲ ಒಂದೇ ಆಂಟೆನ. ಅಂದರೆ ಕೇಬಲ್ ಹುಟ್ಟಿದ್ದೇ ಖರ್ಚು ಉಳಿಸುವ ಉಪಾಯವಾಗಿ!

ನಮ್ಮಲ್ಲಿ ಕೇಬಲ್ ಬೆಳೆಯಲು ಬೇರೆ ಕಾರಣ ಒದಗಿತು. 1984ರ ಫೆಬ್ರವರಿಯಲ್ಲಿ ಚಾಲೆಂಜರ್ ನೌಕೆಯಿಂದ ಬಿಟ್ಟ ವೆಸ್ಟಾರ್-6 ಉಪಗ್ರಹ ಸರಿಯಾದ ಕಕ್ಷೆ ತಲುಪದೆ ಉಳಿಯಿತು. ಅದೇ ನವೆಂಬರ್‌ನಲ್ಲಿ ಡಿಸ್ಕವರಿ ನೌಕೆಯ ಗಗನಯಾತ್ರಿಗಳು ಅದನ್ನು ಹಿಡಿದು ಭೂಮಿಗೆ ತಂದರು. ದುರಸ್ತಿಯಾದ ಆ ಉಪಗ್ರಹವೇ 1990ರ ಏಪ್ರಿಲ್‌ನಲ್ಲಿ ಏಷ್ಯಾಸ್ಯಾಟ್-1 ಎಂಬ ಹೊಸ ಹೆಸರಿನಲ್ಲಿ ಚೀನಾದ ರಾಕೆಟ್ಟಿನಿಂದ ಮತ್ತೆ ಮೇಲೇರಿತು. 1991ರಲ್ಲಿ ಸ್ಟಾರ್ ಟಿವಿಯ ವಾಹಿನಿಗಳು ಅದರಿಂದಲೇ ಪ್ರಸಾರವಾದವು. 1992ರ ಅಕ್ಟೋಬರ್‌ನಲ್ಲಿ ಜೀ ಟಿವಿ, 1994ರ ಜೂನ್‌ನಲ್ಲಿ ಕನ್ನಡದ ಉದಯ ಟಿವಿ ಬಂದವು.

ಈ ವಾಹಿನಿಗಳನ್ನು ಹಿಡಿಯಲು ಅಡಿಕೆ ಮರದ ಆಂಟೆನ ಸಾಲದು. ಅವು ಸಿ-ಬ್ಯಾಂಡಿನಲ್ಲಿ, ಸುಮಾರು 4 ಗಿಗಾಹರ್ಟ್ಸ್ ಆವೃತ್ತಿಯಲ್ಲಿ ಬರುತ್ತಿದ್ದವು. ಮೀಟರುಗಟ್ಟಲೆ ಅಗಲದ ಬಟ್ಟಲಾಕಾರದ ದೊಡ್ಡ ಡಿಶ್ ಬೇಕಿತ್ತು. ಒಬ್ಬ ಮನೆಯವನಿಗೆ ಅದು ದುಬಾರಿ. ಒಬ್ಬ ಕೇಬಲಿನವನು ಡಿಶ್ ಹಾಕಿ ನೂರು ಮನೆಗಳಿಗೆ ಹಂಚಿದರೆ ತಲಾ ಖರ್ಚು ಅತ್ಯಲ್ಪ. ಹೀಗೆ ಮಹನೋಯ್ ಸಿಟಿಯ ಲೆಕ್ಕ ಬಂಟ್ವಾಳದಲ್ಲೂ ಮೂಡುಬಿದಿರೆಯಲ್ಲೂ ಮರುಕಳಿಸಿತು. 1995ರಲ್ಲಿ ಬಂದ ಕೇಂದ್ರ ಕಾಯಿದೆ ಕೇಬಲಿನವರ ನೋಂದಣಿಯನ್ನು ಕಡ್ಡಾಯ ಮಾಡಿತು.

ತಂತಿಯ ನಷ್ಟ, ಬೈಲಿನ ನಷ್ಟ

ಕೇಬಲಿನವರು ಬಳಸಿದ್ದು ಸಮಾಕ್ಷ ತಂತಿ. ನಡುವೆ ತಾಮ್ರದ ಸರಿಗೆ, ಸುತ್ತ ವಿದ್ಯುನ್ನಿರೋಧಕ, ಅದರ ಮೇಲೆ ಹೆಣೆದ ಲೋಹದ ಕವಚ. 1880ರಲ್ಲೇ ಆಲಿವರ್ ಹೆವಿಸೈಡ್ ಇಂಥ ತಂತಿಗೆ ಪೇಟೆಂಟ್ ಪಡೆದಿದ್ದ. ಕವಚವಿರುವುದರಿಂದ ಹೊರಗಿನ ಗದ್ದಲ ಒಳಗೆ ಬರುವುದಿಲ್ಲ. ಆದರೆ ಆವೃತ್ತಿ ಏರಿದಂತೆ ಸಂಕೇತದ ನಷ್ಟವೂ ಏರುತ್ತದೆ. ಮನೆಗಳಿಗೆ ಎಳೆಯುವ ಸಾಮಾನ್ಯ ತಂತಿಯಲ್ಲಿ 800 ಮೆಗಾಹರ್ಟ್ಸ್ ಆಸುಪಾಸಿನಲ್ಲಿ 100 ಮೀಟರಿಗೆ ಸುಮಾರು 20 ಡೆಸಿಬೆಲ್ ನಷ್ಟ, ಅಂದರೆ ನೂರರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. 300 ಮೀಟರ್ ಹೋದರೆ ಉಳಿಯುವುದು ಹತ್ತು ಲಕ್ಷದಲ್ಲಿ ಒಂದು ಪಾಲು! ಆದ್ದರಿಂದ ಮುಖ್ಯ ದಾರಿಗೆ ದಪ್ಪ ತಂತಿ ಬಳಸಿದರೂ ನಡುನಡುವೆ ವರ್ಧಕಗಳನ್ನು ಕೂರಿಸಲೇಬೇಕು. ಪ್ರತಿ ವರ್ಧಕಕ್ಕೂ ಕರೆಂಟು ಬೇಕು. ಸಂಕೇತದ ಜೊತೆಗೆ ಗದ್ದಲವನ್ನೂ ಅದು ಹಿಗ್ಗಿಸುತ್ತದೆ.

ಈಗ ತಂಗಿಯ ಮನೆಯನ್ನೂ ಮೂಲಮನೆಯನ್ನೂ ಹೋಲಿಸೋಣ. ಪೇಟೆಯಲ್ಲಿ ಒಂದು ಕಿಲೋಮೀಟರ್ ತಂತಿಗೆ 100 ಮನೆಗಳು ಎಂದುಕೊಳ್ಳಿ. ಮನೆಗೆ ತಲಾ 10 ಮೀಟರ್ ತಂತಿ. ನಮ್ಮ ಬೈಲಿನಲ್ಲಿ ಮನೆಗಳು ಒತ್ತಾಗಿಲ್ಲ, ಅವರವರ ತೋಟದ ತಲೆಗೆ ಅವರವರ ಮನೆ. ಒಂದು ಕಿಲೋಮೀಟರಿಗೆ ಎಂಟು ಮನೆ ಸಿಕ್ಕರೆ ಹೆಚ್ಚು. ತಲಾ 125 ಮೀಟರ್. ಆದರೆ ತಿಂಗಳ ಬಾಡಿಗೆ ಎರಡು ಕಡೆಯೂ ಹೆಚ್ಚು ಕಡಿಮೆ ಒಂದೇ. ಪೇಟೆಯ ಗಿರಾಕಿಯಿಂದ ಬರುವ ಆದಾಯದಲ್ಲೇ ಕೇಬಲಿನವನು ಬೈಲಿನ ತಂತಿಯನ್ನು ಸಾಕಬೇಕಿತ್ತು.

ಹಾಗಾಗಿ ಮೂಲಮನೆಗೆ ಕೇಬಲ್ ಬಂದದ್ದು ಪೇಟೆಗೆ ಬಂದು ಹತ್ತು ವರ್ಷ ಕಳೆದ ಮೇಲೆ. ಬಂದರೂ ಸೋಗೆ ಬಿದ್ದು ತಂತಿ ಹರಿಯುವುದು, ಗುಡುಗಿನ ದಿನಗಳಲ್ಲಿ ಸಿಡಿಲಿಗೆ ವರ್ಧಕ ಸುಡುವುದು, ಕರೆಂಟು ಹೋದರೆ ನಡುದಾರಿಯಲ್ಲೇ ಸಂಕೇತ ನಿಲ್ಲುವುದು ನಡೆದೇ ಇತ್ತು. ಕೇಬಲಿನ ಹುಡುಗ ಹೆಗಲಲ್ಲಿ ಏಣಿ ಹೊತ್ತು ಗುಡ್ಡ ಇಳಿದು ಬರುತ್ತಿದ್ದುದನ್ನು ನೆನೆದರೆ, ಆ ಬಾಡಿಗೆ ಅವನ ಶ್ರಮಕ್ಕೆ ಸಾಲುತ್ತಿತ್ತೆಂದು ಹೇಳಲಾರೆ.

ಪೆಟ್ಟಿಗೆ ಬಂತು, ಬಿಲ್ಲು ಬಂತು

ಅನಲಾಗ್ ಕಾಲದಲ್ಲಿ ಉಪಗ್ರಹದ 36 ಮೆಗಾಹರ್ಟ್ಸ್ ಅಗಲದ ಒಂದು ಟ್ರಾನ್ಸ್‌ಪಾಂಡರ್ ಸಾಮಾನ್ಯವಾಗಿ ಒಂದೇ ವಾಹಿನಿಯನ್ನು ಹೊರುತ್ತಿತ್ತು. ಚಿತ್ರವನ್ನು ಅಂಕಿಗಳಾಗಿಸಿ ಅಡಕ ಮಾಡುವ ವಿಧಾನ ಬಂದ ಮೇಲೆ ಅಷ್ಟೇ ಜಾಗದಲ್ಲಿ ಎಂಟು ಹತ್ತು ವಾಹಿನಿಗಳು ಕೂತವು. 2011ರ ಕಾಯಿದೆ ತಿದ್ದುಪಡಿಯ ಪ್ರಕಾರ ಕೇಬಲ್ ಕೂಡ ಹಂತ ಹಂತವಾಗಿ ಡಿಜಿಟಲ್ ಆಯಿತು. 2012ರಲ್ಲಿ ಮಹಾನಗರಗಳಿಂದ ಶುರುವಾದ ಈ ಬದಲಾವಣೆ 2017ರ ಮಾರ್ಚ್ ಗಡುವಿನೊಂದಿಗೆ ಹಳ್ಳಿಗಳನ್ನು ತಲುಪಿತು. ಪ್ರತಿ ಟಿವಿಗೂ ಒಂದು ಸೆಟ್‌ಟಾಪ್ ಪೆಟ್ಟಿಗೆ ಬೇಕಾಯಿತು.

ಪೆಟ್ಟಿಗೆಯಿಂದ ಯಾರು ಯಾವ ವಾಹಿನಿ ಪಡೆಯುತ್ತಾರೆಂದು ಲೆಕ್ಕ ಇಡುವುದು ಸಾಧ್ಯವಾಯಿತು. 2019ರ ಫೆಬ್ರವರಿಯಲ್ಲಿ ಜಾರಿಗೆ ಬಂದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ದರವ್ಯವಸ್ಥೆ ಇದನ್ನೇ ಆಧರಿಸಿತ್ತು. ಮೊದಲ 100 ವಾಹಿನಿಗಳನ್ನು ಮನೆಗೆ ಸಾಗಿಸುವ ಶುಲ್ಕ ಗರಿಷ್ಠ 130 ರೂಪಾಯಿ, ತೆರಿಗೆ ಸೇರಿ 153 ರೂಪಾಯಿ 40 ಪೈಸೆ. ಪಾವತಿ ವಾಹಿನಿಗಳ ಬೆಲೆ ಅದರ ಮೇಲೆ. ಸಾಗಣೆಗೆ ಎಷ್ಟು, ಸರಕಿಗೆ ಎಷ್ಟು ಎಂದು ಗಿರಾಕಿಗೆ ಮೊದಲ ಬಾರಿ ಪ್ರತ್ಯೇಕವಾಗಿ ಕಾಣಿಸಿತು. 2020ರಲ್ಲಿ ಅದೇ ಶುಲ್ಕಕ್ಕೆ 200 ವಾಹಿನಿ ಎಂದಾಯಿತು. 2024ರಲ್ಲಿ ಸಾಗಣೆ ಶುಲ್ಕದ ಮಿತಿಯನ್ನೇ ತೆಗೆದುಹಾಕಲಾಯಿತು.

ಮನೆಯ ಲೆಕ್ಕದಲ್ಲಿ ಕಾಣದ ಇನ್ನೊಂದು ಬಾಬತ್ತೂ ಇದೆ. ಪೆಟ್ಟಿಗೆಯನ್ನು ಗೋಡೆಯ ಸ್ವಿಚ್ಚಿನಲ್ಲಿ ಆರಿಸದೆ ಬಿಟ್ಟರೆ, ಅದು 10 ವ್ಯಾಟ್ ಎಳೆಯುವುದೆಂದು ಹಿಡಿದರೆ, ವರ್ಷಕ್ಕೆ ಸುಮಾರು 88 ಯೂನಿಟ್ ವಿದ್ಯುತ್ತು ಖರ್ಚು. ಟಿವಿ ನೋಡದೆ ಮಲಗಿದ ಹೊತ್ತಿನದೇ ಇದರಲ್ಲಿ ಹೆಚ್ಚಿನ ಪಾಲು.

ಮತ್ತೆ ಆಕಾಶಕ್ಕೆ

ಅಣ್ಣ ಕೇಬಲ್ ಬಿಟ್ಟು ದೂರದರ್ಶನದ ಫ್ರೀ ಡಿಶ್ ಹಾಕಿಸಿದ. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಆರಂಭವಾದ ಸೇವೆ ಇದು. ತಿಂಗಳ ಶುಲ್ಕವಿಲ್ಲ. ಡಿಶ್ಶಿಗೂ ಪೆಟ್ಟಿಗೆಗೂ ಒಟ್ಟು 1,800 ರೂಪಾಯಿ ಬಿತ್ತು. ತಿಂಗಳಿಗೆ 320 ಉಳಿದರೆ ಆರು ತಿಂಗಳೊಳಗೆ ಅದು ತೀರಿದಂತೆ.

60 ಸೆಂಟಿಮೀಟರಿನ ಸಣ್ಣ ಡಿಶ್ ಸಾಕಾದದ್ದು ಹೇಗೆ? ಈ ಸೇವೆ ಬರುವುದು ಕೆಯು-ಬ್ಯಾಂಡಿನಲ್ಲಿ, ತರಂಗದೂರ ಸುಮಾರು 2.6 ಸೆಂಟಿಮೀಟರ್. ಸಿ-ಬ್ಯಾಂಡಿನದು 7.5. ಡಿಶ್ಶಿನ ಗ್ರಹಣ ಸಾಮರ್ಥ್ಯ ಅದರ ವ್ಯಾಸಕ್ಕೂ ತರಂಗದೂರಕ್ಕೂ ಇರುವ ಅನುಪಾತದ ವರ್ಗಕ್ಕೆ ತಕ್ಕಂತೆ ಇರುತ್ತದೆ. ತರಂಗದೂರ ಮೂರನೆಯ ಒಂದು ಭಾಗಕ್ಕೆ ಇಳಿದರೆ ವ್ಯಾಸವೂ ಅಷ್ಟೇ ಇಳಿಯಬಹುದು. ಉಪಗ್ರಹಗಳ ಪ್ರಸಾರ ಶಕ್ತಿ ಹೆಚ್ಚಿದ್ದೂ ನೆರವಾಯಿತು.

ಗುಡ್ಡದ ನೆರಳೂ ಇಲ್ಲಿ ತೊಡಕಲ್ಲ. ಉಪಗ್ರಹ ಜಿಸ್ಯಾಟ್-15 ಇರುವುದು 93.5 ಡಿಗ್ರಿ ಪೂರ್ವ ರೇಖಾಂಶದ ನೇರದಲ್ಲಿ, ಸಮಭಾಜಕ ವೃತ್ತದಿಂದ 35,786 ಕಿಲೋಮೀಟರ್ ಎತ್ತರದಲ್ಲಿ. ನಮ್ಮ ಕಡೆಯಿಂದ ನೋಡಿದರೆ ಅದು ಆಗ್ನೇಯ ದಿಕ್ಕಿನಲ್ಲಿ, ಕ್ಷಿತಿಜದಿಂದ ಸುಮಾರು 64 ಡಿಗ್ರಿ ಮೇಲಿದೆ. ಚಾರ್ಮಾಡಿಯ ಬೆಟ್ಟಸಾಲು ಎಷ್ಟೇ ಎತ್ತರವಿದ್ದರೂ ಬೆಳ್ತಂಗಡಿಯಿಂದ ನೋಡುವವನಿಗೆ ಅಷ್ಟು ಮೇಲಕ್ಕೆ ಏರದು. ಡಿಶ್ಶಿನ ಮುಂದಿನ ಎರಡು ಅಡಿಕೆ ಮರಗಳಷ್ಟೇ ತೊಂದರೆ ಕೊಟ್ಟವು. ಇನ್ನೊಂದು ತೊಂದರೆ ಮಳೆಯದು. ಈ ತರಂಗದೂರದ ಅಲೆಗಳನ್ನು ಮಳೆಹನಿಗಳು ಹೀರಿ ಚದರಿಸುತ್ತವೆ. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಜಿಲ್ಲೆಯಲ್ಲಿ ಜೂನ್ ಜುಲೈ ತಿಂಗಳಲ್ಲಿ ಚಿತ್ರ ಕಲ್ಲಾಗುವುದು ಸಹಜ.

ಹಳೆಯ ಅಡಿಕೆ ಮರದ ಆಂಟೆನಕ್ಕೆ ಮಾತ್ರ ಮರಳುವಂತಿಲ್ಲ. 2022ರ ವೇಳೆಗೆ ದೂರದರ್ಶನದ ಅನಲಾಗ್ ಭೂಪ್ರೇಷಕಗಳು ಕೆಲವು ಆಯಕಟ್ಟಿನ ಜಾಗಗಳ ಹೊರತು ದೇಶದೆಲ್ಲೆಡೆ ಮುಚ್ಚಿದವು.

ಉಳಿದದ್ದೆಷ್ಟು, ಕಳೆದದ್ದೇನು?

2020ರ ಜುಲೈಯಲ್ಲಿ, ಶಾಲೆಗಳು ಮುಚ್ಚಿದ್ದಾಗ, ಚಂದನ ವಾಹಿನಿಯಲ್ಲಿ ಪ್ರೌಢಶಾಲಾ ಮಕ್ಕಳಿಗೆ 'ಸೇತುಬಂಧ' ಪಾಠಗಳು ಆರಂಭವಾದವು. ಬೈಲಿನಲ್ಲಿ ಮೊಬೈಲ್ ಸಿಗ್ನಲ್ ಇಲ್ಲದೆ ಮಕ್ಕಳು ಗುಡ್ಡ ಹತ್ತುತ್ತಿದ್ದ ಆ ದಿನಗಳಲ್ಲಿ ಅಣ್ಣನ ಮಗಳು ಜಗಲಿಯಲ್ಲೇ ಕುಳಿತು ಪಾಠ ಕೇಳಿದಳು. ಎಷ್ಟು ಮಕ್ಕಳು ನೋಡಿದರೂ ಉಪಗ್ರಹಕ್ಕೆ ಹೆಚ್ಚುವರಿ ಖರ್ಚಿಲ್ಲ ಎಂಬ ಪ್ರಸಾರದ ಗುಣ ಆಗ ನಿಜವಾಗಿ ಉಪಯೋಗಕ್ಕೆ ಬಂತು.

ಆದರೆ ನಷ್ಟವೂ ಆಯಿತು. ಅದನ್ನು ಅನುಭವಿಸಿದವರು ತಾಯಿ. ಮಂಗಳೂರಿನ ಸ್ಥಳೀಯ ಕೇಬಲ್ ವಾಹಿನಿಗಳಲ್ಲಿ ಬರುತ್ತಿದ್ದ ತುಳು ವಾರ್ತೆ, ಯಕ್ಷಗಾನ, ಮೂಡುಬಿದಿರೆಯ ಕೋಟಿ-ಚೆನ್ನಯ ಜೋಡುಕರೆ ಕಂಬಳದ ನೇರ ಪ್ರಸಾರ, ಇವೆಲ್ಲ ಫ್ರೀ ಡಿಶ್ಶಿನಲ್ಲಿ ಇಲ್ಲ. ಅಲ್ಲಿನ ಖಾಸಗಿ ವಾಹಿನಿಗಳಲ್ಲಿ ಬಹುಪಾಲು ಹಿಂದಿಯವು. 'ಇದರಲ್ಲಿ ನಮ್ಮ ಊರೇ ಇಲ್ಲವಲ್ಲ' ಎಂದರು ತಾಯಿ.

ಇದಕ್ಕೂ ಕಾರಣ ಹುಡುಕಬಹುದು. ಉಪಗ್ರಹದ ಕಿರಣ ಇಡೀ ದೇಶದ ಮೇಲೆ ಬೀಳುತ್ತದೆ. ಫ್ರೀ ಡಿಶ್ಶಿನಲ್ಲಿ ಖಾಸಗಿ ವಾಹಿನಿಗಳಿಗೆ ಜಾಗ ಸಿಗುವುದು ಹರಾಜಿನಲ್ಲಿ, ಕೋಟಿಗಟ್ಟಲೆ ಹಣಕ್ಕೆ. ದೇಶದ ತುಂಬ ನೋಡುಗರಿರುವ ಭಾಷೆಗೆ ಅದು ಗಿಟ್ಟುತ್ತದೆ. 2011ರ ಜನಗಣತಿಯಂತೆ ಸುಮಾರು 18 ಲಕ್ಷ ಜನರ ಮಾತಾಗಿರುವ ತುಳುವಿಗೆ ಗಿಟ್ಟುವುದಿಲ್ಲ. ಕೇಬಲಿನ ಸಂಕೇತವೋ ತಂತಿ ಮುಗಿದಲ್ಲಿಗೆ ಮುಗಿಯುತ್ತದೆ. ದೂರ ಹೋಗಲಾರದ ಅದರ ದೌರ್ಬಲ್ಯವೇ ಒಂದೆರಡು ತಾಲ್ಲೂಕುಗಳಿಗಷ್ಟೇ ಬೇಕಾದ ಕಾರ್ಯಕ್ರಮಕ್ಕೆ ಜಾಗ ಮಾಡಿಕೊಟ್ಟಿತ್ತು. 320 ರೂಪಾಯಿಯಲ್ಲಿ ನಾವು ಅದಕ್ಕೂ ಬೆಲೆ ಕೊಡುತ್ತಿದ್ದೆವು, ಬಿಲ್ಲಿನಲ್ಲಿ ಮಾತ್ರ ಅದರ ಹೆಸರು ಇರಲಿಲ್ಲ.

ತಂಗಿ ಕೇಬಲ್ ಬಿಡಲಿಲ್ಲ. ಪೇಟೆಯ ಮನೆಗೆ ತಂತಿ ಹತ್ತಿರ, ಸಂಕೇತ ಚೆನ್ನ, ಕೇಬಲಿನವನು ಕರೆದರೆ ಅರ್ಧ ಗಂಟೆಯಲ್ಲಿ ಬರುತ್ತಾನೆ. ನಾನು ಮೂಡುಬಿದಿರೆಯಲ್ಲಿ ಕೇಬಲ್ ಬಿಟ್ಟು ಮೊಬೈಲಿನಲ್ಲೇ ನೋಡುವುದೆಂದು ಹೊರಟೆ. ಮೂರು ಮನೆಗಳಲ್ಲಿ ನನ್ನ ಲೆಕ್ಕವೇ ತಪ್ಪಿದ್ದು. ಮೊಬೈಲಿನಲ್ಲಿ ಪ್ರತಿ ನೋಡುಗನಿಗೂ ಪ್ರತ್ಯೇಕವಾಗಿ ಸಂಕೇತ ಕಳುಹಿಸಬೇಕು. ಸೆಕೆಂಡಿಗೆ ಒಂದು ಮೆಗಾಬಿಟ್‌ನಂತೆ ಎಂಟು ಗಂಟೆಯ ಯಕ್ಷಗಾನ ನೋಡಿದರೆ 3.6 ಗಿಗಾಬೈಟ್ ಬೇಕು, ದಿನದ ಒಂದೂವರೆ ಗಿಗಾಬೈಟ್ ಮೊದಲ ಪ್ರಸಂಗ ಅರ್ಧವಾಗುವಾಗಲೇ ಮುಗಿಯುತ್ತದೆ. ಎರಡು ಫೋನುಗಳ ರಿಚಾರ್ಜಿಗೆ ತಲಾ 100 ರೂಪಾಯಿ ಹೆಚ್ಚು ಬಿದ್ದು, ತಿಂಗಳಿಗೆ 320 ಉಳಿಯಿತೆಂದು ಭಾವಿಸಿದ್ದ ನನಗೆ ನಿಜವಾಗಿ ಉಳಿದದ್ದು 120. ಸಂಜೆ ಮನೆಯವರೆಲ್ಲ ಒಂದೇ ಪರದೆಯ ಮುಂದೆ ಕೂರುತ್ತಿದ್ದುದು ನಿಂತಿತು.

ದೇಶದಲ್ಲೂ ಇದೇ ಗಾಳಿ. ಖಾಸಗಿ ಡಿಟಿಎಚ್ ಸೇವೆಗಳ ಚಂದಾದಾರರು 2019ರಲ್ಲಿ 7 ಕೋಟಿಗೂ ಹೆಚ್ಚಿದ್ದರು, 2024ರ ಮಾರ್ಚ್‌ನಲ್ಲಿ ಸುಮಾರು 6.2 ಕೋಟಿ ಉಳಿದರು. ಇತ್ತ ಫ್ರೀ ಡಿಶ್ ಮನೆಗಳು 4 ಕೋಟಿ ಮೀರಿವೆಯೆಂದು ಅಂದಾಜು.

ಕೇಬಲಿನ ಕಥೆ ಇಷ್ಟಕ್ಕೇ ಮುಗಿಯಲಿಲ್ಲ. ಏಣಿ ಹೊತ್ತು ಬರುತ್ತಿದ್ದ ಅದೇ ಹುಡುಗ, ಈಗ ನಡುವಯಸ್ಸಿನವನು, ಕಳೆದ ವರ್ಷ ಮೂಲಮನೆಗೆ ಬೆಳಕಿನ ಎಳೆಯನ್ನು ತಂದ. 1966ರಲ್ಲಿ ಚಾರ್ಲ್ಸ್ ಕಾವೊ ಶುದ್ಧ ಗಾಜಿನ ಎಳೆಯಲ್ಲಿ ಬೆಳಕು ದೂರ ಸಾಗಬಲ್ಲದೆಂದು ತೋರಿಸಿಕೊಟ್ಟು, 2009ರಲ್ಲಿ ಅದಕ್ಕಾಗಿ ನೊಬೆಲ್ ಪಡೆದರು. ಸಮಾಕ್ಷ ತಂತಿಯಲ್ಲಿ ಕಿಲೋಮೀಟರಿಗೆ 200 ಡೆಸಿಬೆಲ್ ನಷ್ಟವಾದರೆ ಗಾಜಿನ ಎಳೆಯಲ್ಲಿ ಸುಮಾರು 0.35. ಒಂದು ಕಿಲೋಮೀಟರ್ ದಾಟಿದರೂ ನೂರಕ್ಕೆ 92 ಪಾಲು ಉಳಿಯುತ್ತದೆ. ದಾರಿಯಲ್ಲಿ ವರ್ಧಕ ಬೇಡ, ಕರೆಂಟು ಬೇಡ. ಬೈಲಿನ ದೂರ ಇನ್ನು ದೂರವಲ್ಲ. ಮೂರು ಮನೆಯವರೂ ಸೇರಿ ಬಿಲ್ಲು ಕಟ್ಟುತ್ತೇವೆ. ತಿಂಗಳಿಗೆ ಎಷ್ಟು ಉಳಿಯಿತೆಂದು ಕೇಳಿದರೆ ಏನೂ ಇಲ್ಲ. ತಾಯಿಗೆ ಕಂಬಳ ಮತ್ತೆ ಕಾಣಿಸುತ್ತಿದೆ.

ವಿದ್ಯಾರ್ಥಿಗಳು ತಮ್ಮ ಊರಿನಲ್ಲೂ ಇಂಥ ಲೆಕ್ಕ ಮಾಡಬಹುದು. ತರಗತಿಯ ಪ್ರತಿಯೊಬ್ಬರೂ ಮನೆಗೆ ಸಂಕೇತ ಬರುವ ದಾರಿ, ತಿಂಗಳ ಖರ್ಚು, ಪಕ್ಕದ ಮನೆಯ ದೂರ, ಮನೆಯಲ್ಲಿ ಹೆಚ್ಚು ನೋಡುವ ಕಾರ್ಯಕ್ರಮದ ಭಾಷೆ ಇವನ್ನು ಬರೆದು ತರಲಿ. ಊರಿನ ನಕ್ಷೆಯ ಮೇಲೆ ಅವನ್ನು ಗುರುತಿಸಿದರೆ, ಯಾರು ಕೇಬಲ್ ಬಿಟ್ಟರು, ಯಾರು ಉಳಿಸಿಕೊಂಡರು ಎಂಬುದಕ್ಕೂ ನೆಲದ ಏರಿಳಿತಕ್ಕೂ ಇರುವ ಸಂಬಂಧ ತಾನಾಗಿ ಕಾಣುತ್ತದೆ. ಖರ್ಚಿನ ಪಟ್ಟಿಯ ಕೊನೆಯಲ್ಲಿ ಇನ್ನೊಂದು ಅಂಕಣ ಎಳೆಯಲು ಮರೆಯಬಾರದು: ಬಿಟ್ಟ ಮೇಲೆ ಮನೆಯಲ್ಲಿ ಯಾರಿಗೆ ಏನು ಕಾಣದಾಯಿತು?